ಬೆಟ್ಟಕ್ಕೆ ಹೆಸರು ಬಿಟ್ಟುಕೊಟ್ಟ ಊರು

ಶಾಂಘೈ ಕಡೆಯಿಂದ ಬರುವ ವೇಗದ ರೈಲು ಕೆಲವೇ ಗಂಟೆಗಳಲ್ಲಿ ‘ಹುವಾಂಗ್‌ಶಾನ್ ಉತ್ತರ’ ಎಂಬ ನಿಲ್ದಾಣಕ್ಕೆ ತಂದು ಬಿಡುತ್ತದೆ. ಇಳಿದ ಪ್ರವಾಸಿ ಮೊದಲು ಹುಡುಕುವುದು ಬೆಟ್ಟವನ್ನು. ಮೋಡದ ಮೇಲೆ ತೇಲುವಂತೆ ಕಾಣುವ ಬಂಡೆಗಳು, ಬಂಡೆಯ ಬಿರುಕಿನಿಂದ ಅಡ್ಡಕ್ಕೆ ಚಾಚಿದ ಪೈನ್ ಮರಗಳು, ಹೀಗೆ ಫೋಟೋದಲ್ಲಿ ನೋಡಿದ್ದು ಯಾವುದೂ ಅಲ್ಲಿ ಕಾಣುವುದಿಲ್ಲ. ವಿಚಾರಿಸಿದರೆ, ಬೆಟ್ಟದ ಬುಡಕ್ಕೆ ಬಸ್ಸಿನಲ್ಲಿ ಇನ್ನೂ ಒಂದು ಗಂಟೆಯ ದಾರಿ ಎಂದು ಗೊತ್ತಾಗುತ್ತದೆ. ಆತ ಇಳಿದದ್ದು ಹುವಾಂಗ್‌ಶಾನ್ ನಗರದಲ್ಲಿ, ಹುವಾಂಗ್‌ಶಾನ್ ಬೆಟ್ಟದಲ್ಲಿ ಅಲ್ಲ.

ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಚೀನಾದ ಅನ್‌ಹುಯಿ ಪ್ರಾಂತ್ಯದ ದಕ್ಷಿಣ ತುದಿಯಲ್ಲಿ ಹುವಾಂಗ್‌ಶಾನ್ ಎಂಬ ಒಂದೇ ಹೆಸರನ್ನು ಮೂರು ಬೇರೆಬೇರೆ ಸಂಗತಿಗಳು ಹಂಚಿಕೊಂಡಿವೆ. ಒಂದು, ಬೆಟ್ಟ. ಎರಡು, ಕಾಗದದ ಮೇಲೆ ‘ನಗರ’ ಎನಿಸಿಕೊಂಡಿರುವ, ಆದರೆ ಹಲವು ತಾಲೂಕುಗಳನ್ನೂ ನೂರಾರು ಹಳ್ಳಿಗಳನ್ನೂ ಒಳಗೊಂಡ, ಜಿಲ್ಲೆಯಷ್ಟು ದೊಡ್ಡ ಆಡಳಿತ ಪ್ರದೇಶ. ಮೂರು, ಆ ನಗರದೊಳಗೇ ಇರುವ, ಮೊದಲು ತೈಪಿಂಗ್ ಎಂದು ಕರೆಸಿಕೊಳ್ಳುತ್ತಿದ್ದ ಒಂದು ವಿಭಾಗ. ಪ್ರವಾಸಿ ರಾತ್ರಿ ಉಳಿದುಕೊಳ್ಳುವ, ಹಳೆಯ ಅಂಗಡಿ ಬೀದಿ ಇರುವ, ನದಿ ದಂಡೆಯ ಪೇಟೆಯ ಹೆಸರು ಟುನ್‌ಶಿ. ಸ್ಥಳೀಯರು ಅದನ್ನು ಹಾಗೆಯೇ ಕರೆಯುತ್ತಾರೆ. ಪ್ರವಾಸೋದ್ಯಮಕ್ಕೆಂದು ಹೆಸರು ಬದಲಿಸಿದ ಊರಿನಲ್ಲಿ ಮೊದಲು ದಾರಿ ತಪ್ಪುವವನು ಪ್ರವಾಸಿಯೇ ಎಂಬುದು ವಿಚಿತ್ರ.

2020ರಲ್ಲಿ ನಿಂತಿದ್ದ ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರಿನಲ್ಲಿ ಮತ್ತೆ ಆರಂಭವಾಗಿವೆ. ಬೀಜಿಂಗ್, ಶಾಂಘೈಗಳನ್ನು ನೋಡಿ ಮುಗಿಸಿದವರು ಒಳನಾಡಿನ ಬೆಟ್ಟದೂರುಗಳನ್ನು ಹುಡುಕುವುದು ಸಹಜ. ಅಂಥವರ ಪಟ್ಟಿಯಲ್ಲಿ ಹುವಾಂಗ್‌ಶಾನ್ ಇರಲೇಬೇಕು. ಪ್ರಕೃತಿ ಮತ್ತು ಸಂಸ್ಕೃತಿ ಎರಡಕ್ಕೂ ಸೇರಿ ಯುನೆಸ್ಕೊ ‘ಮಿಶ್ರ’ ಪರಂಪರೆ ಎಂದು ಗುರುತಿಸುವ ತಾಣಗಳು ಜಗತ್ತಿನಲ್ಲೇ ಕಡಿಮೆ. ಭಾರತದಲ್ಲಿ ಅಂಥದ್ದು ಸಿಕ್ಕಿಂನ ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನ, ಅದಕ್ಕೆ ಮನ್ನಣೆ ಸಿಕ್ಕಿದ್ದು 2016ರಲ್ಲಿ. ಹುವಾಂಗ್‌ಶಾನ್ ಬೆಟ್ಟಕ್ಕೆ ಆ ಮನ್ನಣೆ 1990ರಲ್ಲೇ ಬಂತು. ಹತ್ತು ವರ್ಷದ ನಂತರ, ಅದೇ ನಗರದ ವ್ಯಾಪ್ತಿಯ ಶಿದಿ ಮತ್ತು ಹೋಂಗ್‌ತ್ಸುನ್ ಎಂಬ ಎರಡು ಹಳ್ಳಿಗಳೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆದ್ದರಿಂದ ಹೋಗಬೇಕು, ನೋಡಬೇಕು. ಆದರೆ ಆ ಊರಿಗೆ ಇನ್ನೊಂದು ಹೆಸರಿತ್ತು ಎಂಬುದನ್ನು ತಿಳಿದು ಹೋಗಬೇಕು. ಆ ಹೆಸರು ಗೊತ್ತಿಲ್ಲದವರಿಗೆ ಅಲ್ಲಿ ಬೆಟ್ಟವೊಂದನ್ನು ಬಿಟ್ಟು ಉಳಿದದ್ದು ಸರಿಯಾಗಿ ಅರ್ಥವಾಗುವುದಿಲ್ಲ. ಆ ಹೆಸರನ್ನು ಊರಿಗೆ ಮರಳಿ ಕೊಡುವುದೇ ನ್ಯಾಯ.

ಆ ಹೆಸರು ಹುಯಿಜೌ.

ಕ್ರಿ.ಶ. 1121ರಲ್ಲಿ, ಸೋಂಗ್ ವಂಶದ ಚಕ್ರವರ್ತಿಯ ಕಾಲದಲ್ಲಿ, ಅದಕ್ಕೂ ಮುಂಚೆ ಶೇಜೌ ಎನ್ನುತ್ತಿದ್ದ ಪ್ರದೇಶಕ್ಕೆ ಹುಯಿಜೌ ಎಂದು ಹೆಸರಿಟ್ಟರು. ಅಲ್ಲಿಂದ ಮುಂದೆ ಆರು ತಾಲೂಕುಗಳು ಆ ಹೆಸರಿನ ಕೆಳಗೆ ಒಟ್ಟಿಗೆ ಬಾಳಿದವು: ಶೇ, ಯಿ, ಶಿಯುನಿಂಗ್, ಚಿಮೆನ್, ಜಿಶಿ ಮತ್ತು ವುಯುವಾನ್. ರಾಜವಂಶಗಳು ಬದಲಾದರೂ ಈ ಆರರ ಕೂಟ ಒಡೆಯಲಿಲ್ಲ. 1667ರ ಹೊತ್ತಿಗೆ ಹೊಸ ಪ್ರಾಂತ್ಯವೊಂದನ್ನು ಮಾಡಿದಾಗ ಅದಕ್ಕೆ ಹೆಸರು ಹುಟ್ಟಿದ್ದು ಎರಡು ಊರುಗಳಿಂದ. ಅನ್‌ಚಿಂಗ್‌ನ ‘ಅನ್’, ಹುಯಿಜೌನ ‘ಹುಯಿ’ ಸೇರಿ ಅನ್‌ಹುಯಿ ಆಯಿತು. ಇಂದು ಅನ್‌ಹುಯಿ ಪ್ರಾಂತ್ಯ ಇದೆ, ಅನ್‌ಚಿಂಗ್ ನಗರವೂ ಇದೆ. ಪ್ರಾಂತ್ಯಕ್ಕೆ ಅರ್ಧ ಹೆಸರು ಕೊಟ್ಟ ಹುಯಿಜೌ ನಗರ ಮಾತ್ರ ಇಲ್ಲ.

ಅದು ಹೋದದ್ದು ಯುದ್ಧದಲ್ಲೂ ಅಲ್ಲ, ಕ್ರಾಂತಿಯಲ್ಲೂ ಅಲ್ಲ. 1979ರ ಜುಲೈಯಲ್ಲಿ, ಎಪ್ಪತ್ತೈದರ ಹೊಸ್ತಿಲಲ್ಲಿದ್ದ ಡೆಂಗ್ ಶಿಯಾವೊಪಿಂಗ್ ಹುವಾಂಗ್‌ಶಾನ್ ಬೆಟ್ಟ ಹತ್ತಿದರು. ಪ್ರವಾಸೋದ್ಯಮ ಬೆಳೆಸಲು ಇದು ಒಳ್ಳೆಯ ಜಾಗ ಎಂದರು. ಬಾಗಿಲು ತೆರೆಯುತ್ತಿದ್ದ ಚೀನಾಕ್ಕೆ ಆಗ ವಿದೇಶಿ ಹಣ ಬೇಕಿತ್ತು. ಆ ಮಾತಿಗೆ ದೊಡ್ಡ ಬೆಲೆ ಬಂತು. 1987ರ ನವೆಂಬರಿನಲ್ಲಿ ಹುಯಿಜೌ ಎಂಬ ಆಡಳಿತ ಘಟಕವನ್ನು ರದ್ದು ಮಾಡಿ, ಅದರ ಜಾಗದಲ್ಲಿ ಹುವಾಂಗ್‌ಶಾನ್ ನಗರವನ್ನು ಸ್ಥಾಪಿಸಿದರು. ಜಿಶಿ ತಾಲೂಕು ಪಕ್ಕದ ಶುವಾನ್‌ಚೆಂಗ್‌ಗೆ ಹೋಯಿತು. ವುಯುವಾನ್ ಅದಕ್ಕೂ ಮೊದಲೇ ಜಿಯಾಂಗ್‌ಶಿ ಪ್ರಾಂತ್ಯದ ಪಾಲಾಗಿತ್ತು. ಆರರ ಕೂಟ ಮೂರು ಕಡೆ ಹಂಚಿಹೋಯಿತು. ಸಮಾಧಾನಕ್ಕೆಂಬಂತೆ ಹೊಸ ನಗರದ ಒಂದು ಸಣ್ಣ ವಿಭಾಗಕ್ಕೆ ಹುಯಿಜೌ ಎಂಬ ಹೆಸರನ್ನು ಅಂಟಿಸಿದರು. ಹಿಂದೆ ಇಡೀ ಸೀಮೆಗೆ ರಾಜಧಾನಿಯಾಗಿದ್ದದ್ದು ಶೇ ಪಟ್ಟಣ. ಹೆಸರು ಸಿಕ್ಕಿದ್ದು ಅದಕ್ಕಲ್ಲ, ಪಕ್ಕದ ಯಾನ್‌ಸಿಗೆ.

ಕನ್ನಡ ಓದುಗರಿಗೆ ಇದನ್ನು ಹೀಗೆ ಹೇಳಬಹುದು. ಶಿವಮೊಗ್ಗದವರೊಬ್ಬರು ಮೂವತ್ತು ವರ್ಷದಿಂದ ಪುಣೆಯಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಜಲಪಾತ ನೋಡಲು ಜನ ಬರಲಿ ಎಂದು ಇಡೀ ಜಿಲ್ಲೆಗೆ ‘ಜೋಗ ನಗರ’ ಎಂದು ಹೆಸರಿಟ್ಟಿದ್ದಾರೆ. ಒಂದು ತಾಲೂಕು ಪಕ್ಕದ ಜಿಲ್ಲೆಗೆ, ಇನ್ನೊಂದು ಪಕ್ಕದ ರಾಜ್ಯಕ್ಕೆ ಹೋಗಿದೆ. ಎಲ್ಲೋ ಒಂದು ಬಡಾವಣೆಗೆ ‘ಶಿವಮೊಗ್ಗ’ ಎಂಬ ಫಲಕ ಉಳಿದಿದೆ. ಯಾವ ಊರು ಎಂದು ಕೇಳಿದರೆ ಆತ ಏನು ಹೇಳಬೇಕು? ಜೋಗದ ಬಗ್ಗೆ ಆತನಿಗೂ ಹೆಮ್ಮೆ ಇರಬಹುದು. ಹಾಗೆಂದು ಆತ ಜೋಗದವನಾಗುವುದಿಲ್ಲ.

ಹುಯಿಜೌ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಚುಚ್ಚುತ್ತದೆ. ಆ ಸೀಮೆ ಕಟ್ಟಿದ್ದೇ ಊರು ಬಿಟ್ಟು ಹೋದವರಿಂದ. ಸುತ್ತ ಬೆಟ್ಟ, ಉಳಲು ನೆಲ ಕಡಿಮೆ, ಬೆಳೆದದ್ದು ಊರಿನವರ ಹೊಟ್ಟೆಗೆ ಸಾಲದು. ಹಿಂದಿನ ಜನ್ಮದಲ್ಲಿ ಪುಣ್ಯ ಮಾಡದವರು ಹುಯಿಜೌನಲ್ಲಿ ಹುಟ್ಟುತ್ತಾರೆ, ಹದಿಮೂರೋ ಹದಿನಾಲ್ಕೋ ಆಗುತ್ತಲೇ ಅವರನ್ನು ಹೊರಕ್ಕೆ ಎಸೆಯುತ್ತಾರೆ ಎಂಬ ಅರ್ಥದ ಗಾದೆ ಅಲ್ಲಿನವರ ಬಾಯಲ್ಲಿ ಇಂದಿಗೂ ಇದೆ. ಹಾಗೆ ಎಸೆಯಲ್ಪಟ್ಟ ಹುಡುಗರು ದೂರದ ಪೇಟೆಗಳಲ್ಲಿ ಅಂಗಡಿ ಕಸ ಗುಡಿಸಿ, ಲೆಕ್ಕ ಕಲಿತು, ಚಹಾ, ಮರ, ಉಪ್ಪು, ಗಿರವಿ ವ್ಯಾಪಾರಗಳಿಗೆ ಇಳಿದರು. ಮಿಂಗ್ ಮತ್ತು ಚಿಂಗ್ ವಂಶಗಳ ಕಾಲದಲ್ಲಿ ಯಾಂಗ್‌ಜೌನ ಉಪ್ಪಿನ ವ್ಯಾಪಾರದಲ್ಲಿ ಅವರ ಮಾತೇ ನಡೆಯುತ್ತಿತ್ತು. ಹುಯಿಜೌನವರು ಬಂದು ಅಂಗಡಿ ಇಡುವ ತನಕ ಊರು ಪೇಟೆಯಾಗುವುದಿಲ್ಲ ಎಂಬ ಮಾತೇ ಯಾಂಗ್ತ್ಸಿ ನದಿಯ ಕೆಳಹರಿವಿನಲ್ಲಿ ಹುಟ್ಟಿಕೊಂಡಿತ್ತು. ಹೋದ ಹೋದಲ್ಲಿ ಅವರು ತಮ್ಮ ಊರಿನ ಹೆಸರಿನಲ್ಲಿ ಸಂಘದ ಭವನಗಳನ್ನು ಕಟ್ಟಿದರು. ಹೊಸದಾಗಿ ಬಂದ ಹುಡುಗನಿಗೆ ಅಲ್ಲಿ ತಂಗಲು ಜಾಗ, ಸತ್ತವನ ಶವವನ್ನು ಊರಿಗೆ ಮುಟ್ಟಿಸುವ ಏರ್ಪಾಡು ಇರುತ್ತಿತ್ತು.

ಹದಿಮೂರಕ್ಕೇ ಕರಾವಳಿಯ ಊರು ಬಿಟ್ಟು ಮುಂಬೈಯ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದವರ ಕಥೆಗಳನ್ನು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರನಾಡಿನಲ್ಲಿ ಸಂಘ ಕಟ್ಟುವವರು ಮೊದಲು ಬೋರ್ಡಿಗೆ ಬರೆಸುವುದು ಊರಿನದ್ದೋ ನುಡಿಯದ್ದೋ ಹೆಸರನ್ನು. ಊರಲ್ಲೇ ಇದ್ದವನಿಗೆ ಹೊಲ, ಮನೆ, ಗುಡಿ ಎಲ್ಲವೂ ಕಣ್ಣೆದುರಿಗಿರುತ್ತವೆ. ಹೋದವನ ಬಳಿ ಉಳಿಯುವುದು ಹೆಸರೊಂದೇ.

ಈಗ ಆ ವ್ಯಾಪಾರಿಗಳು ದುಡಿದು ಊರಿನಲ್ಲಿ ಕಟ್ಟಿಸಿದ ಮನೆಗಳನ್ನು ನೋಡಿ. ಶಿದಿ, ಹೋಂಗ್‌ತ್ಸುನ್‌ಗಳಲ್ಲಿ ಪ್ರವಾಸಿಗಳು ಟಿಕೆಟ್ ಕೊಂಡು ನೋಡುವುದು ಅವನ್ನೇ. ಹೊರಗೆ ಎತ್ತರದ ಸುಣ್ಣದ ಗೋಡೆ, ಕಪ್ಪು ಹೆಂಚು, ಕೆಳಗಿನಂತಸ್ತಿನಲ್ಲಿ ಕಿಟಕಿ ಇಲ್ಲವೆನ್ನುವಷ್ಟು ಕಡಿಮೆ. ಒಳಗೆ ಹೋದರೆ ನಡುವೆ ಆಕಾಶಕ್ಕೆ ತೆರೆದ ಅಂಗಳ. ನಾಲ್ಕೂ ಮಾಡಿನ ಮಳೆನೀರು ಅಲ್ಲಿಗೇ ಬೀಳಬೇಕು. ನೀರೆಂದರೆ ಸಂಪತ್ತು, ಅದು ಮನೆಯಿಂದಾಚೆ ಹರಿದುಹೋಗಬಾರದು ಎಂಬುದು ನಂಬಿಕೆ. ತೊಟ್ಟಿಮನೆ ಕಂಡ ಕನ್ನಡಿಗರಿಗೆ ಅಲ್ಲಿ ನಿಂತಾಗ ಎಲ್ಲೋ ಪರಿಚಯದ ಜಾಗಕ್ಕೆ ಬಂದಂತೆ ಅನಿಸಬಹುದು. ಆದರೆ ಗೋಡೆ ಅಷ್ಟು ಎತ್ತರ ಯಾಕೆ? ಬೆಂಕಿ ಮನೆಯಿಂದ ಮನೆಗೆ ಹಾರದಿರಲಿ ಎಂಬುದು ಒಂದು ಕಾರಣ. ಇನ್ನೊಂದು, ಮನೆಯಲ್ಲಿ ಗಂಡಸರು ಇರುತ್ತಿರಲಿಲ್ಲ. ವರ್ಷಗಟ್ಟಲೆ ಒಳಗಿದ್ದವರು ಹೆಂಗಸರು, ಮಕ್ಕಳು, ಮುದುಕರು. ಆ ಗೋಡೆ ಕಳ್ಳರನ್ನು ಹೊರಗಿಡಲು, ಜೊತೆಗೆ ಹೆಂಗಸರನ್ನು ಒಳಗಿಡಲು.

ಆ ಮನೆಗಳ ನಡುಕೋಣೆಯ ಮೇಜಿನ ಮೇಲೆ ಮೂರು ವಸ್ತುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ನಡುವೆ ಗಡಿಯಾರ, ಒಂದು ಬದಿಗೆ ಹೂದಾನಿ, ಇನ್ನೊಂದು ಬದಿಗೆ ಕನ್ನಡಿ. ನೋಡುವವರಿಗೆ ಬರೀ ಅಲಂಕಾರ. ಚೀನೀ ಭಾಷೆಯಲ್ಲಿ ಗಡಿಯಾರದ ಸದ್ದಿಗೆ ‘ಝೊಂಗ್ ಶೆಂಗ್’, ಹೂದಾನಿಗೆ ‘ಪಿಂಗ್’, ಕನ್ನಡಿಗೆ ‘ಜಿಂಗ್’. ಒಟ್ಟಿಗೆ ಉಚ್ಚರಿಸಿದರೆ ‘ಬದುಕಿಡೀ ನೆಮ್ಮದಿ’ ಎಂಬ ಮಾತಿನಂತೆಯೇ ಕೇಳಿಸುತ್ತದೆ. ದೂರದ ದಾರಿಯಲ್ಲಿರುವ ಗಂಡನಿಗೂ ಮಗನಿಗೂ ಮನೆಯಲ್ಲಿದ್ದವರ ಹಾರೈಕೆ ಅದು. ಅದನ್ನು ಯಾರೂ ಬರೆದು ತೂಗುಹಾಕಿಲ್ಲ, ಮೂರು ಸಾಮಾನುಗಳನ್ನು ಇಟ್ಟು ಹೇಳಿದ್ದಾರೆ. ಯಾರಿಗಾಗಿ ಇಟ್ಟರು ಎಂಬುದು ಗೊತ್ತಿಲ್ಲದವರಿಗೆ ಅದು ಮೇಜು, ಗಡಿಯಾರ, ಹೂದಾನಿ ಅಷ್ಟೇ.

ಶೇ ಪಟ್ಟಣದಿಂದ ಹೆಚ್ಚು ದೂರವಿಲ್ಲದ ತಾಂಗ್‌ಯುಯೆ ಎಂಬಲ್ಲಿ ಏಳು ಕಲ್ಲಿನ ಕಮಾನುಗಳು ಸಾಲಾಗಿ ನಿಂತಿವೆ. ಬಾವೊ ಎಂಬ ಒಂದೇ ಮನೆತನಕ್ಕೆ ಸೇರಿದವು, ಮಿಂಗ್ ಮತ್ತು ಚಿಂಗ್ ಕಾಲದವು. ಪ್ರವಾಸಿಗಳು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕೆಲವು ಕಮಾನುಗಳು ಅಪ್ಪ–ಅಮ್ಮನ ಸೇವೆ ಮಾಡಿದ ಮಕ್ಕಳಿಗೆ, ಒಂದು ದಾನಧರ್ಮಕ್ಕೆ, ಎರಡು ಮರುಮದುವೆಯಾಗದೆ ಉಳಿದ ವಿಧವೆಯರಿಗೆ ಸಿಕ್ಕ ಗೌರವ. ಗಂಡ ಪರಊರಿನಲ್ಲಿ ಸತ್ತ ಮೇಲೂ ಎತ್ತರದ ಗೋಡೆಯ ಮನೆಯಲ್ಲಿ ಬದುಕಿಡೀ ಕಳೆದವರಿಗೆ ಕೊನೆಗೆ ಕಲ್ಲೊಂದು ಸಿಕ್ಕಿತು. ಇದನ್ನು ಹೊಗಳುವುದೂ ಕಷ್ಟ, ಸುಮ್ಮನೆ ದಾಟಿ ಹೋಗುವುದೂ ಕಷ್ಟ. ಗಂಡಸರು ಹೊರಗೆ ಗಳಿಸಿದ ಹಣ, ಹೆಂಗಸರು ಒಳಗೆ ತೆತ್ತ ಬೆಲೆ ಎರಡೂ ಸೇರಿಯೇ ಆ ಸೀಮೆಯ ಚೆಲುವು ಆಗಿದೆ. ಹುಯಿಜೌ ಎಂಬ ಹೆಸರು ಈ ಎರಡನ್ನೂ ಹೊತ್ತಿತ್ತು. ಹುವಾಂಗ್‌ಶಾನ್ ಎಂಬ ಹೆಸರಿನಲ್ಲಿ ಇದಕ್ಕೆ ಜಾಗವೇ ಇಲ್ಲ. ಅದು ಬೆಟ್ಟದ ಹೆಸರು. ಬೆಟ್ಟ ಯಾರನ್ನೂ ಕಾಯುತ್ತಾ ಕೂತಿರಲಿಲ್ಲ.

ಹೆಸರು ಹೋದರೆ ವಸ್ತುಗಳೇನೂ ಹೋಗುವುದಿಲ್ಲವಲ್ಲ ಎಂದು ಕೇಳಬಹುದು. ನಿಜ, ವಸ್ತುಗಳು ಉಳಿಯುತ್ತವೆ. ಅವುಗಳ ನಡುವಿನ ನಂಟು ಸಡಿಲವಾಗುತ್ತದೆ. ಯುನೆಸ್ಕೊ ಪಟ್ಟಿಯಲ್ಲಿ ಶಿದಿ ಮತ್ತು ಹೋಂಗ್‌ತ್ಸುನ್‌ಗಳ ಅಧಿಕೃತ ಹೆಸರು ‘ದಕ್ಷಿಣ ಅನ್‌ಹುಯಿಯ ಪ್ರಾಚೀನ ಹಳ್ಳಿಗಳು’. ಹುಯಿಜೌ ವ್ಯಾಪಾರಿಗಳ ಊರುಗಳನ್ನು ಒಂದು ದಿಕ್ಕು ಮತ್ತು ಒಂದು ಪ್ರಾಂತ್ಯದಿಂದ ಗುರುತಿಸಬೇಕಾಗಿ ಬಂದಿದೆ. ಚಹಾ ಕುಡಿಯುವವರು ಕೀಮುನ್ ಎಂಬ ಕಪ್ಪು ಚಹಾದ ಹೆಸರು ಕೇಳಿರುತ್ತಾರೆ. ಅದು ಚಿಮೆನ್ ಎಂಬ ಊರಿನ ಹೆಸರೇ, ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ. ಸಾಂಪ್ರದಾಯಿಕ ಬರಹಗಾರರು ಬಯಸುವ ಮಸಿಗೆ ಇಂದಿಗೂ ‘ಹುಯಿ ಮಸಿ’ ಎಂದೇ ಹೆಸರು. ಆ ಸೀಮೆಯ ಅಡುಗೆಯನ್ನು ಚೀನಾದ ಎಂಟು ಪ್ರಮುಖ ಅಡುಗೆ ಪದ್ಧತಿಗಳಲ್ಲಿ ಒಂದಾಗಿ ಎಣಿಸುವಾಗ ಹೇಳುವುದೂ ‘ಹುಯಿ ಅಡುಗೆ’ ಎಂದು. ಹೊಸಬರು ಇದನ್ನೆಲ್ಲ ಕೇಳಿ, ಈ ‘ಹುಯಿ’ ಎಲ್ಲಿದೆ ಎಂದು ಭೂಪಟದಲ್ಲಿ ಹುಡುಕಿದರೆ ಸಿಗುವುದು ಗುವಾಂಗ್‌ಡಾಂಗ್ ಪ್ರಾಂತ್ಯದ ಇನ್ನೊಂದು ಹುಯಿಜೌ. ಆ ಊರಿನ ಅಕ್ಷರ ಬೇರೆ, ಸ್ವರದ ಏರಿಳಿತ ಬೇರೆ. ಆದರೆ ರೋಮನ್ ಲಿಪಿಯಲ್ಲೂ ಕನ್ನಡದಲ್ಲೂ ಎರಡೂ ಒಂದೇ ಥರ ಕಾಣುತ್ತವೆ. ಅನುವಾದ ಮಾಡುವವರು ಪ್ರತಿ ಬಾರಿಯೂ ಒಂದು ಸಾಲು ವಿವರಣೆ ಸೇರಿಸಬೇಕು, ಇಲ್ಲವಾದರೆ ಓದುಗರು ನೂರಾರು ಕಿಲೋಮೀಟರ್ ದೂರದ ಬೇರೆ ಊರಿಗೆ ಹೋಗಿ ತಲುಪುತ್ತಾರೆ.

ನುಡಿಯ ವಿಷಯದಲ್ಲಿ ಇನ್ನೂ ಒಂದು ವಿಪರ್ಯಾಸ ಇದೆ. ಚೀನಾದ ನುಡಿಗಳ ದೊಡ್ಡ ಭಾಷಾ ಭೂಪಟ 1987ರಿಂದ ಹೊರಬರತೊಡಗಿತು. ಅದರಲ್ಲಿ ಚೀನೀ ನುಡಿಗಳನ್ನು ಹತ್ತು ಗುಂಪುಗಳಾಗಿ ವಿಂಗಡಿಸಿ, ‘ಹುಯಿ’ಗೆ ಪ್ರತ್ಯೇಕ ಗುಂಪಿನ ಸ್ಥಾನ ಕೊಟ್ಟರು. ಬೆಟ್ಟಗಳ ನಡುವಿನ ಕಣಿವೆಗಳಲ್ಲಿ ಬೆಳೆದ ಈ ಮಾತುಗಳು ಮ್ಯಾಂಡರಿನ್ ಬಲ್ಲವರಿಗೆ ಅರ್ಥವಾಗುವುದಿಲ್ಲ. ಒಂದು ತಾಲೂಕಿನವರ ಮಾತು ಪಕ್ಕದ ತಾಲೂಕಿನವರಿಗೂ ಸಲೀಸಾಗಿ ತಿಳಿಯುವುದಿಲ್ಲ. ಇಷ್ಟು ಒಡಕಿನ ನುಡಿಗುಂಪನ್ನು ಒಟ್ಟಿಗೆ ಕಟ್ಟಲು ವಿದ್ವಾಂಸರಿಗೆ ಸಿಕ್ಕ ಹಗ್ಗ ಹುಯಿಜೌ ಎಂಬ ಹೆಸರು. ಅವರು ಆ ಹೆಸರನ್ನು ಭೂಪಟಕ್ಕೆ ಏರಿಸಿದ ವರ್ಷವೇ ಸರಕಾರ ಅದನ್ನು ಇನ್ನೊಂದು ಭೂಪಟದಿಂದ ಇಳಿಸಿತು. ಶಾಲೆಯಲ್ಲಿ ಮ್ಯಾಂಡರಿನ್ ಕಲಿತು ಬೆಳೆಯುವ ಮಗುವಿಗೆ ಅಜ್ಜಿಯ ಮಾತು ಯಾವುದೆಂದು ಹೇಳಲು ಈಗ ಊರಿನ ಹೆಸರೂ ನೆರವಿಗೆ ಬರುವುದಿಲ್ಲ. ಚೀನಾದಲ್ಲಿ ಶಾಸ್ತ್ರೀಯ ಬರಹವನ್ನು ಬಿಟ್ಟು ಆಡುಮಾತಿನಲ್ಲಿ ಬರೆಯಬೇಕೆಂದು 1917ರಲ್ಲಿ ಚಳವಳಿಗೆ ದಾರಿ ಮಾಡಿದ ಹು ಶಿ ಅವರ ಮೂಲ ಊರು ಇದೇ ಆರು ತಾಲೂಕುಗಳಲ್ಲಿ ಒಂದಾದ ಜಿಶಿ ಎಂಬುದನ್ನೂ ಇಲ್ಲಿ ನೆನೆಯಬಹುದು. 1940ರ ದಶಕದಲ್ಲಿ ವುಯುವಾನ್ ಜನ ತಮ್ಮನ್ನು ಅನ್‌ಹುಯಿಗೆ ಮರಳಿ ಸೇರಿಸಿ ಎಂದು ಹೋರಾಡಿದಾಗ ಹು ಶಿ ಅವರ ಬೆಂಬಲಕ್ಕೆ ನಿಂತಿದ್ದರು. 1947ರಲ್ಲಿ ಆ ತಾಲೂಕು ಮರಳಿತು, 1949ರಲ್ಲಿ ಮತ್ತೆ ಹೋಯಿತು.

ಹುಯಿಜೌಗೂ ಭಾರತಕ್ಕೂ ಒಂದು ಹಳೆಯ ನಂಟಿದೆ. 1848ರಲ್ಲಿ ರಾಬರ್ಟ್ ಫಾರ್ಚೂನ್ ಎಂಬ ಸ್ಕಾಟಿಷ್ ಸಸ್ಯತಜ್ಞ ಚೀನೀ ವೇಷ ತೊಟ್ಟು, ತಲೆ ಬೋಳಿಸಿ ಜಡೆ ಕಟ್ಟಿಕೊಂಡು, ವಿದೇಶಿಯರಿಗೆ ಪ್ರವೇಶವಿಲ್ಲದ ಈ ಸೀಮೆಗೆ ನುಸುಳಿದ. ಹಸಿರು ಚಹಾಕ್ಕೆ ಹೆಸರಾದ ಶಿಯುನಿಂಗ್‌ನ ಸೋಂಗ್‌ಲುವೊ ಬೆಟ್ಟದಿಂದ ಗಿಡಗಳನ್ನೂ ಬೀಜಗಳನ್ನೂ ಸಂಗ್ರಹಿಸಿದ. ಈಸ್ಟ್ ಇಂಡಿಯಾ ಕಂಪನಿಗಾಗಿ ಆತ ಚೀನಾದಿಂದ ಕಳಿಸಿದ ಚಹಾ ಗಿಡಗಳು ಹಿಮಾಲಯದ ತಪ್ಪಲಿನ ತೋಟಗಳನ್ನು ಸೇರಿದವು. ಅಷ್ಟು ಕಷ್ಟಪಟ್ಟು ಹೋದ ಊರನ್ನು ಆತ ತನ್ನ ಪುಸ್ತಕದಲ್ಲಿ ‘ಹ್ವುಯ್‌ಚೌ’ ಎಂದು ಬರೆದ. ಇಂದು ಆ ಪುಸ್ತಕ ಓದಿ ಆ ದಾರಿಯಲ್ಲಿ ಹೋಗಬಯಸುವ ಭಾರತೀಯನಿಗೆ ರೈಲಿನ ಟಿಕೆಟ್‌ನಲ್ಲಿ ಆ ಊರು ಸಿಗುವುದಿಲ್ಲ.

ಇನ್ನೊಂದು ಬದಿಯ ವಾದವನ್ನೂ ಕೇಳಬೇಕು. 1987ರ ನಿರ್ಧಾರ ಮೂರ್ಖರು ಮಾಡಿದ್ದಲ್ಲ. ಬಡ ಬೆಟ್ಟಸೀಮೆಗೆ ದುಡಿಮೆಯ ಹೊಸ ದಾರಿ ಬೇಕಿತ್ತು. ಬೆಟ್ಟ ಒಂದು ಆಡಳಿತಕ್ಕೆ, ಅದರ ಸುತ್ತಲಿನ ರಸ್ತೆ, ಪೇಟೆ, ವಸತಿ ಇನ್ನೊಂದು ಆಡಳಿತಕ್ಕೆ ಸೇರಿದ್ದರೆ ಯಾವ ಕೆಲಸವೂ ಮುಂದೆ ಹೋಗದು ಎಂಬ ಅಂದಿನ ಲೆಕ್ಕದಲ್ಲಿ ಹುರುಳಿತ್ತು. ಹಿಂದೆ ಹದಿಮೂರಕ್ಕೆ ಊರು ಬಿಡುತ್ತಿದ್ದ ಮಕ್ಕಳ ಮರಿಮಕ್ಕಳಲ್ಲಿ ಕೆಲವರಿಗಾದರೂ ಇಂದು ಊರಿನಲ್ಲೇ ಹೋಟೆಲು, ಹೋಂಸ್ಟೇ, ಚಹಾ ಅಂಗಡಿ ನಡೆಸಲು ಸಾಧ್ಯವಾಗಿದ್ದರೆ ಅದಕ್ಕೆ ಬೆಟ್ಟದ ಖ್ಯಾತಿಯೇ ಕಾರಣ. ಹಸಿದವನಿಗೆ ಹೆಸರಿನ ಪಾಠ ಹೇಳುವುದು ಸುಲಭ.

ಹುಯಿಜೌ ಎಂಬ ಹೆಸರೂ ಆಕಾಶದಿಂದ ಇಳಿದದ್ದಲ್ಲ. ಫಾಂಗ್ ಲಾ ಎಂಬಾತ ಎಬ್ಬಿಸಿದ ರೈತ ದಂಗೆಯನ್ನು ಅಡಗಿಸಿದ ವರ್ಷವೇ ಚಕ್ರವರ್ತಿ ಆ ಹೊಸ ಹೆಸರು ಕೊಟ್ಟದ್ದು. ಆ ಅಕ್ಷರಕ್ಕೆ ಲಾಂಛನ, ಚೆಲುವು ಎಂಬ ಅರ್ಥಗಳ ಜೊತೆಗೆ ಕಟ್ಟುವ ಹಗ್ಗ ಎಂಬ ಹಳೆಯ ಅರ್ಥವೂ ಇದೆ. ದಂಗೆ ಎದ್ದ ಸೀಮೆಯನ್ನು ಕಟ್ಟಿಹಾಕುವ ಉದ್ದೇಶ ಅದರಲ್ಲಿತ್ತು ಎನ್ನುವವರೂ ಇದ್ದಾರೆ. ಬೆಟ್ಟದ ಹೆಸರೂ ಮೂಲದ್ದಲ್ಲ. ಯಿಶಾನ್ ಆಗಿದ್ದ ಅದನ್ನು ಪೀತ ಚಕ್ರವರ್ತಿಯ ಪುರಾಣಕ್ಕೆ ಜೋಡಿಸಿ ಹುವಾಂಗ್‌ಶಾನ್ ಮಾಡಿದ್ದು 747ರಲ್ಲಿ, ತಾಂಗ್ ವಂಶದ ದೊರೆ. ಹಾಗಾದರೆ ಒಂದು ಅರಮನೆಯ ಆಜ್ಞೆಯಿಂದ ಬಂದ ಹೆಸರು ಇನ್ನೊಂದು ಕಚೇರಿಯ ಆಜ್ಞೆಯಿಂದ ಹೋದರೆ ತಪ್ಪೇನು?

ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವ ಹೆಸರೂ ಶ್ರೇಷ್ಠವಲ್ಲ. 1121ರಿಂದ 1987ರವರೆಗಿನ 866 ವರ್ಷಗಳಲ್ಲಿ ಜನ ಆ ಹೆಸರಿನಲ್ಲಿ ಸಾಲ ಪತ್ರ ಬರೆದರು, ಹೊಲ ಮಾರಿದರು, ಪಾಲು ಮಾಡಿಕೊಂಡರು, ಹುಡುಗಿಯರನ್ನು ಕೊಟ್ಟು ತಂದರು. ಹಾಗೆ ಉಳಿದ ಲಕ್ಷಗಟ್ಟಲೆ ಹಳೆಯ ಕಾಗದಪತ್ರಗಳ ಮೇಲೆ ‘ಹುಯಿಜೌ ಅಧ್ಯಯನ’ ಎಂಬ ಒಂದು ವಿದ್ವತ್ ಶಾಖೆಯೇ ನಿಂತಿದೆ. ಕೊಟ್ಟವನು ದೊರೆಯಾದರೂ ತುಂಬಿದವರು ಜನ. ಮದರಾಸಿನ ಕನ್ನಡಿಗರಿಗೂ ಹೈದರಾಬಾದಿನ ಕನ್ನಡಿಗರಿಗೂ ಮೈಸೂರು ರಾಜ್ಯ 1973ರ ನವೆಂಬರಿನಲ್ಲಿ ಕರ್ನಾಟಕವಾದಾಗ ಆದ ಸಂತೋಷಕ್ಕೆ ಕಾರಣ ಇದೇ ಅಲ್ಲವೆ? ಅಲ್ಲಿ ಒಂದು ಭಾಗದ ಹೆಸರನ್ನು ಬಿಟ್ಟು ಎಲ್ಲರಿಗೂ ಸಲ್ಲುವ ಹೆಸರನ್ನು ಆರಿಸಿಕೊಂಡರು. ಹುವಾಂಗ್‌ಶಾನ್‌ನಲ್ಲಿ ಆದದ್ದು ಅದಕ್ಕೆ ತಿರುಗುಮುರುಗು. ಎಲ್ಲರಿಗೂ ಸಲ್ಲುತ್ತಿದ್ದ ಹೆಸರನ್ನು ತೆಗೆದು, ಚೆನ್ನಾಗಿ ಮಾರಾಟವಾಗುವ ಒಂದು ಭಾಗದ ಹೆಸರನ್ನು ಎಲ್ಲರ ಮೇಲೆ ಹೊದಿಸಿದರು.

ಚೀನಾದಲ್ಲಿ ಇದು ಒಂದೇ ಪ್ರಕರಣವೂ ಅಲ್ಲ. ಚೋಂಗ್‌ಆನ್ 1989ರಲ್ಲಿ ವುಯಿಶಾನ್ ಆಯಿತು. ಡಾಯೋಂಗ್ 1994ರಲ್ಲಿ ಝಾಂಗ್‌ಜಿಯಾಜಿಯೆ ಆಯಿತು. ಯುನ್ನಾನ್‌ನ ಝೊಂಗ್‌ಡಿಯೆನ್ 2001ರಲ್ಲಿ ಇಂಗ್ಲಿಷ್ ಕಾದಂಬರಿಯೊಂದು ಕಲ್ಪಿಸಿದ ಶಾಂಗ್ರಿ-ಲಾ ಎಂಬ ಹೆಸರನ್ನೇ ತೊಟ್ಟುಕೊಂಡಿತು. ಝಾಂಗ್‌ಜಿಯಾಜಿಯೆಯ ಒಂದು ಕಲ್ಲಿನ ಕಂಬಕ್ಕೆ 2010ರಲ್ಲಿ ಹಾಲಿವುಡ್ಡಿನ ‘ಅವತಾರ್’ ಸಿನಿಮಾದ ಬೆಟ್ಟದ ಹೆಸರಿಟ್ಟರು. ಹೀಗೆ ನಡೆದರೆ ಭೂಪಟ ಜಾಹೀರಾತಿನ ಹಾಳೆಯಾಗುತ್ತದೆ. ಸಿನಿಮಾ ಮರೆತುಹೋದ ಮೇಲೆ ಆ ಹೆಸರಿಗೆ ಅರ್ಥ ಹೇಳಲು ಯಾರು ಉಳಿದಿರುತ್ತಾರೆ?

ಹಿಂದಿರುಗುವ ದಾರಿ ಮುಚ್ಚಿಲ್ಲ. ಹುಬೆ ಪ್ರಾಂತ್ಯದ ಶಿಯಾಂಗ್‌ಫಾನ್ ನಗರ 2010ರಲ್ಲಿ ತನ್ನ ಹಳೆಯ ಹೆಸರಾದ ಶಿಯಾಂಗ್‌ಯಾಂಗ್‌ಗೆ ಮರಳಿತು. ಹುಯಿಜೌ ಹೆಸರನ್ನು ಮರಳಿಸಬೇಕೆಂಬ ಕೂಗು ಚೀನಾದಲ್ಲೂ ವರ್ಷಗಳಿಂದ ಇದೆ. ಫಲಕ, ದಾಖಲೆ, ಮೊಹರು ಎಲ್ಲವನ್ನೂ ಬದಲಿಸುವ ಖರ್ಚು ದೊಡ್ಡದು ಎಂಬುದು ಅದಕ್ಕೆ ಬರುವ ಉತ್ತರ. 1987ರಲ್ಲೂ ಅದೇ ಖರ್ಚು ಇತ್ತು, ಆಗ ಅದು ಯಾರಿಗೂ ದೊಡ್ಡದೆನಿಸಲಿಲ್ಲ. 2008ರಲ್ಲಿ ಚೀನಾದ ಸಂಸ್ಕೃತಿ ಸಚಿವಾಲಯ ಪ್ರಾಂತ್ಯದ ಗಡಿಯನ್ನೂ ದಾಟಿ, ಹುವಾಂಗ್‌ಶಾನ್ ನಗರ, ಜಿಶಿ ಮತ್ತು ವುಯುವಾನ್‌ಗಳನ್ನು ಸೇರಿಸಿ ಒಂದು ಸಂಸ್ಕೃತಿ ಸಂರಕ್ಷಣಾ ವಲಯ ಮಾಡಿತು. ಅದಕ್ಕೆ ಇಡಬಹುದಾಗಿದ್ದ ಹೆಸರು ಒಂದೇ, ಹುಯಿಜೌ. ಸಂರಕ್ಷಣೆಗೆ ಬೇಕಾದ ಹೆಸರು ವಾಸಕ್ಕೆ ಯಾಕೆ ಬೇಡ?

ಬೆಟ್ಟಕ್ಕೆ ಇದರಿಂದ ನಷ್ಟವಿಲ್ಲ. ಅದರ ಅತಿ ಎತ್ತರದ ಕಮಲ ಶಿಖರ 1864 ಮೀಟರ್ ಎತ್ತರದಲ್ಲಿ, ಯಾವ ನಗರದ ನೆರವೂ ಇಲ್ಲದೆ, ಶತಮಾನಗಳಿಂದ ಚಿತ್ರಕಾರರನ್ನು ಕರೆದಿದೆ. ಶೇ ಸೀಮೆಯವನೇ ಆದ, ಸನ್ಯಾಸಿಯಾದ ಹೋಂಗ್‌ರೆನ್ 17ನೇ ಶತಮಾನದಲ್ಲಿ ಆ ಬಂಡೆಗಳನ್ನು ಬರೆಯುವಾಗ ಬೆಟ್ಟ ಮತ್ತು ಹುಯಿಜೌ ಒಂದನ್ನೊಂದು ನುಂಗಿರಲಿಲ್ಲ. ಇಂದೂ ಬೆಟ್ಟವನ್ನು ಅಲ್ಲಿನವರು ಎಚ್ಚರದಿಂದ ನೋಡಿಕೊಳ್ಳುತ್ತಾರೆ. ಕಮಲ ಶಿಖರವನ್ನೂ ಅದರ ಎದುರಿನ ಟಿಯೆನ್‌ಡು ಶಿಖರವನ್ನೂ ಸರದಿಯಂತೆ ಕೆಲವು ವರ್ಷ ಮುಚ್ಚಿ, ತುಳಿತದಿಂದ ಸವೆದ ಮಣ್ಣು, ಗಿಡ ಚೇತರಿಸಿಕೊಳ್ಳಲು ಬಿಡುತ್ತಾರೆ. ಅತಿಥಿಗೆ ಕೈ ಚಾಚಿದಂತಿರುವ ಪ್ರಸಿದ್ಧ ಪೈನ್ ಮರಕ್ಕೆ 1980ರ ದಶಕದಿಂದ ಕಾವಲುಗಾರರಿದ್ದಾರೆ, ಅವರು ಅದರ ಕೊಂಬೆ, ತೊಗಟೆ ನೋಡಿ ದಿನವೂ ಬರೆದಿಡುತ್ತಾರೆ. ಒಂದು ಮರಕ್ಕೆ ಇಷ್ಟು ಕಾಳಜಿ ತೋರುವ ಊರು ತನ್ನ ಹೆಸರಿಗೂ ಅಷ್ಟು ಮಾಡಬಲ್ಲದು.

ಹುಯಿಜೌನ ಮನೆಯೊಂದು ಸಮುದ್ರ ದಾಟಿಯೂ ಹೋಗಿದೆ. ಶಿಯುನಿಂಗ್ ಬಳಿಯ ಹಳ್ಳಿಯಲ್ಲಿ ಸುಮಾರು 1800ರ ಹೊತ್ತಿಗೆ ಹುವಾಂಗ್ ಮನೆತನದ ವ್ಯಾಪಾರಿ ಕಟ್ಟಿಸಿದ ‘ಯಿನ್ ಯೂ ಟಾಂಗ್’ ಎಂಬ ಮನೆ 1980ರ ದಶಕದಲ್ಲಿ ಖಾಲಿಯಾಯಿತು. ಆ ಮನೆಯನ್ನು ತೊಲೆ ತೊಲೆ, ಹೆಂಚು ಹೆಂಚಾಗಿ ಬಿಚ್ಚಿ, ಅಮೆರಿಕದ ಸೇಲಂ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಕಟ್ಟಿ 2003ರಲ್ಲಿ ಜನರಿಗೆ ತೆರೆದರು. ಅಲ್ಲಿ ಯಾರು ಹುಟ್ಟಿದರು, ಯಾರು ಶಾಂಘೈಗೆ ಹೋದರು, ಯಾರು ಕಾಗದಕ್ಕಾಗಿ ಕಾದರು ಎಂಬುದನ್ನೆಲ್ಲ ಹೇಳುತ್ತಾರೆ. ಊರಿನಿಂದ ಅಷ್ಟು ದೂರದಲ್ಲಿ ಅದನ್ನು ಹುಯಿಜೌ ವ್ಯಾಪಾರಿಯ ಮನೆ ಎಂದೇ ಪರಿಚಯಿಸುತ್ತಾರೆ. ಊರಿನಲ್ಲಿ ಉಳಿದ ಅದರ ನೆರೆಮನೆಗಳಿಗೆ ಈಗ ವಿಳಾಸ ಹುವಾಂಗ್‌ಶಾನ್.

ಹೆಸರು ಮರಳುವುದು ಬಿಡುವುದು ಅಲ್ಲಿನ ಸರಕಾರಕ್ಕೂ ಜನರಿಗೂ ಬಿಟ್ಟದ್ದು. ಭೇಟಿ ಕೊಡುವವರ ಕೈಯಲ್ಲಿರುವುದು ನೋಡುವ ಅನುಕ್ರಮ. ಹೆಚ್ಚಿನ ಪ್ರವಾಸ ಕಂಪನಿಗಳು ಮೊದಲ ದಿನವೇ ಬೆಟ್ಟಕ್ಕೆ ಕರೆದೊಯ್ದು, ಉಳಿದ ಅರ್ಧ ದಿನದಲ್ಲಿ ಹೋಂಗ್‌ತ್ಸುನ್‌ನ ಅರ್ಧಚಂದ್ರಾಕಾರದ ಕೊಳದ ಮುಂದೆ ನಿಲ್ಲಿಸಿ ಮರಳಿಸುತ್ತವೆ. ಅದನ್ನು ತಿರುಗಿಸಬಹುದು. ಮೊದಲು ಶೇ ಪಟ್ಟಣ, 1584ರ ಎಂಟು ಕಂಬಗಳ ಕಲ್ಲಿನ ಕಮಾನು, ತಾಂಗ್‌ಯುಯೆಯ ಸಾಲು. ಆಮೇಲೆ ಶಿದಿಯ ಮನೆಗಳು, ಮೇಜಿನ ಮೇಲಿನ ಗಡಿಯಾರ, ಹೂದಾನಿ, ಕನ್ನಡಿ. ಕೊನೆಗೆ ಬೆಟ್ಟ. ಊರು ಬಿಟ್ಟು ಹೋಗುವ ಹುಡುಗ ಹಿಂತಿರುಗಿ ನೋಡಿದರೆ ಯಾವ ಬೆಟ್ಟಗಳು ಕಾಣುತ್ತಿದ್ದವು ಎಂಬುದು ಆಗ ತಿಳಿಯುತ್ತದೆ.

ಟುನ್‌ಶಿಯ ಹಳೆಯ ಬೀದಿಯಲ್ಲಿ ಮಸಿಕಡ್ಡಿ ಮಾರುವ ಅಂಗಡಿಗಳಿವೆ. ಅಲ್ಲಿ ‘ಹುಯಿ’ ಅಕ್ಷರವನ್ನು ಬರೆದು ತೋರಿಸಿ ಎಂದು ಕೇಳಬಹುದು. ಹಲವು ಗೆರೆಗಳ ತೊಡಕಿನ ಅಕ್ಷರ ಅದು. ಅದರ ನಡುವೆ, ಮೇಲ್ಭಾಗದಲ್ಲಿ, ಮೂರು ಗೆರೆಗಳ ಒಂದು ಪುಟ್ಟ ಗುರುತು ಕಾಣುತ್ತದೆ. ಚೀನೀ ಬರಹದಲ್ಲಿ ‘ಶಾನ್’ ಎಂದರೆ ಬೆಟ್ಟ, ಆ ಗುರುತು ಅದೇ. ಹುಯಿಜೌ ಎಂದು ಬರೆದಾಗಲೆಲ್ಲ ಬೆಟ್ಟವೂ ಅದರೊಳಗೇ ಇತ್ತು.